ಬಿಯರ್ ಫ್ಯಾಕ್ಟರಿಯ ಅಮ್ಮಣ್ಣಿ

ನಮ್ಮದು ಮೈಸೂರಿನ ಅರಸು ಮನೆತನ. ತಾತ ಊರಾಚೆ ಬಿಯರ್ ಕಾರ್ಖಾನೆ ಕಟ್ಟಿಸಿದರು, ತಂದೆ ಬೆಳೆಸಿ ಕೊನೆಗೆ ಮಾರಿದರು. ಆ ಆಸ್ತಿಗೆಲ್ಲ ನಾನೊಬ್ಬಳೇ ವಾರಸುದಾರಳು. ಅಮೆರಿಕದ ಪ್ರಿನ್ಸ್‌ಟನ್ನಿನಲ್ಲಿ ನೆಲೆಸಿದ ಮೇಲೆ ದಾನ ಮಾಡುವುದೇ ನನ್ನ ಕೆಲಸವಾಯಿತು. ಎಲ್ಲಿಯ ಹಣವೆಂದು ಯಾರಾದರೂ ಕೇಳಿದರೆ “ಕಾಫಿ ತೋಟ ಇತ್ತು” ಎನ್ನುತ್ತಿದ್ದೆ. ನಮಗೆ ಒಂದು ಕಾಫಿ ಗಿಡವೂ ಇರಲಿಲ್ಲ.

ಮೊದಲು ಆ ಸುಳ್ಳು ಹೇಳಿದ್ದು ಇಲ್ಲಿಯ ಕನ್ನಡ ಶಾಲೆ ನಡೆಸುವ ಆಂಟಿಗೆ. ಅವರ ಗಂಡ ಕುಡಿತದಿಂದಲೇ ತೀರಿಕೊಂಡಿದ್ದರು. ಅವರೆದುರು ನಿಜ ಹೇಳಲು ನಾಲಿಗೆ ಏಳಲಿಲ್ಲ. ಆಮೇಲೆ ಅದೇ ರೂಢಿಯಾಯಿತು.

ಹೋದ ವರ್ಷ ಹತ್ತಿರದ ಹಿಲ್ಸ್‌ಬರೋದಲ್ಲಿ ಆ ಶಾಲೆಗೆ ನಾನು ಕಟ್ಟಿಸಿಕೊಟ್ಟ ಓದುವ ಕೋಣೆಯ ಉದ್ಘಾಟನೆಯಿತ್ತು. ಹಾರ ಹಾಕಿಸಿಕೊಂಡು, ಕೇಸರಿಬಾತಿನ ತಟ್ಟೆ ಹಿಡಿದು ನಿಂತಿದ್ದೆ. ಮಗಳ ಮನೆಗೆಂದು ಊರಿನಿಂದ ಬಂದಿದ್ದ ವಯಸ್ಸಾದವರೊಬ್ಬರು ಹತ್ತಿರ ಬಂದು ನನ್ನ ಮುಖವನ್ನೇ ನೋಡಿದರು.

“ಅಮ್ಮಣ್ಣಿ ಅಲ್ವಾ? ಬಿಯರ್ ಫ್ಯಾಕ್ಟರಿ ಬುದ್ಧಿಯವರ ಮಗಳು? ಅದೇ ಮುಖ! ನಾನು ಬಾಟ್ಲಿ ತೊಳೆಯೋ ಸೆಕ್ಷನ್‌ನಲ್ಲಿದ್ದೆ. ಆಯುಧಪೂಜೆ ದಿನ ನಿಮ್ಮನ್ನ ಎತ್ಕೊಂಡು ತೊಟ್ಟಿಗಳನ್ನೆಲ್ಲ ತೋರಿಸಿದ್ದೆ.”

ಖುಷಿಯಿಂದ ಜೋರಾಗಿಯೇ ಹೇಳಿದರು. ಜನ ತಿರುಗಿ ನೋಡಿದರು, ಆಂಟಿಯೂ ನೋಡಿದರು. ನನಗೆ ಅವರ ಗುರುತು ಹತ್ತಿತ್ತು. ಹುಬ್ಬಿನ ಮೇಲೆ ಬಾಟಲಿ ಸಿಡಿದು ಆಗಿದ್ದ ಕಲೆ, ಚಿಕ್ಕವಳಿದ್ದಾಗ ನಾನು ಅದನ್ನು ಮುಟ್ಟಿ “ನೋವಾಗುತ್ತಾ?” ಎಂದು ಕೇಳಿದ್ದೆ.

“ಸಾರಿ ಅಂಕಲ್, ಯು ಹ್ಯಾವ್ ದಿ ರಾಂಗ್ ಪರ್ಸನ್,” ಎಂದೆ.

ಅವರ ಮುಖ ಬಾಡಿತು. “ಕ್ಷಮಿಸಿ ತಾಯಿ.”

ಮಗಳು ಓಡಿಬಂದು ಅವರ ತೋಳು ಹಿಡಿದಳು. “ಸಾರಿ ಮೇಡಂ, ಈಚೆಗೆ ಅಪ್ಪಂಗೆ ಸ್ವಲ್ಪ ಕನ್‌ಫ್ಯೂಸ್ ಆಗುತ್ತೇನೋ.” ಅದಕ್ಕೂ ನಾನು ಹೌದೆಂಬಂತೆ ತಲೆಯಾಡಿಸಿದೆ.

ಹತ್ತು ದಿನ ಅನ್ನ ಸೇರಲಿಲ್ಲ. ಕೊನೆಗೆ ವಿಳಾಸ ವಿಚಾರಿಸಿಕೊಂಡು ಒಂದು ಮಧ್ಯಾಹ್ನ ಅವರ ಮನೆಗೆ ಹೋದೆ. ಮಗಳು ಬಾಗಿಲು ತೆರೆದಳು. ನಾನು ಬಾಯಿ ತೆರೆಯುವ ಮೊದಲೇ ಆ ಹಿರಿಯರು ಒಳಗಿನ ಸೋಫಾದಿಂದ ಎದ್ದು ಬಂದರು.

“ಇವ್ರು ಅವರಲ್ಲಮ್ಮ. ಅವತ್ತು ನಾನೇ ತಪ್ಪು ತಿಳ್ಕೊಂಡೆ,” ಎಂದು ಮಗಳಿಗೆ ಹೇಳಿದರು. ಕಣ್ಣಿನಲ್ಲಿ ಗೊಂದಲದ ಸುಳಿವೂ ಇರಲಿಲ್ಲ. ನನ್ನ ಮಾನ ಉಳಿಸಲು ಅವರು ಮರೆವಿನವರಾಗಲೂ ಒಪ್ಪಿದ್ದರು.

“ನೀವು ತಪ್ಪು ತಿಳೀಲಿಲ್ಲ. ಅವಳು ನಾನೇ. ಸುಳ್ಳು ಹೇಳಿದೆ,” ಎಂದೆ.

ಮಗಳು ಬಾಗಿಲಿನಿಂದ ಕದಲಲಿಲ್ಲ. “ಅಪ್ಪನ್ನ ಮೆಮರಿ ಟೆಸ್ಟ್‌ಗೆ ಕರ್ಕೊಂಡು ಹೋಗಿದ್ದೆ ಮೇಡಂ. ಚಿಕ್ಕ ಮಗೂಗೆ ಕೇಳೋ ಹಾಗೆ ಇವತ್ತು ಯಾವ ವಾರ ಅಂತ ಕೇಳಿದ್ರು. ಆಗಲೂ ಅಪ್ಪ ನೀವು ಅವ್ರೇ ಅಂತ ಬಾಯಿ ಬಿಡಲಿಲ್ಲ.”

“ಹೋಗ್ಲಿ ಬಿಡಮ್ಮ,” ಎಂದರು ಅವರು. ಮಗಳು ಬಿಡಲಿಲ್ಲ. ಒಳಗೆ ಬನ್ನಿ ಎಂದೂ ಅನ್ನಲಿಲ್ಲ.

ಮುಂದಿನ ಭಾನುವಾರ ಶಾಲೆಗೆ ಹೋಗಿ ಆಂಟಿಗೂ ನಿಜ ತಿಳಿಸಿದೆ. ಅವರು ಬಯ್ಯಲಿಲ್ಲ. “ಮೊದಲೇ ಗೊತ್ತಾಗಿದ್ರೆ ನಾನು ಆ ದುಡ್ಡು ಬೇಡ ಅಂತಿದ್ದೆ. ಅದಕ್ಕೇ ತಾನೆ ನೀವು ಹೇಳದೆ ಇದ್ದಿದ್ದು?” ಎಂದರು.

ಮೇ ಕೊನೆಗೆ ಆ ಹಿರಿಯರು ಊರಿಗೆ ಹೊರಟರು. ಏರ್‌ಪೋರ್ಟಿಗೆ ನಾನೇ ಡ್ರೈವ್ ಮಾಡುತ್ತೇನೆ ಎಂದು ಫೋನ್ ಮಾಡಿದೆ. ಮಗಳು ಬೇಡ ಎಂದಳು. ಅವಳು ಹಾಗೆ ಅಂದದ್ದು ಸರಿಯಾಗಿಯೇ ಇತ್ತು.