ಸರಪಳಿಯ ಕೊನೆಯ ಮನೆ

ನ್ಯೂಜೆರ್ಸಿಯ ನಮ್ಮ ಕನ್ನಡ ಸಂಘದಲ್ಲಿ ಆಗ ಸುದ್ದಿ ಹೋಗುತ್ತಿದ್ದದ್ದು ಫೋನ್ ಸರಪಳಿಯಲ್ಲಿ. ಸ್ನೋ ಬಿದ್ದು ಸಂಕ್ರಾಂತಿ ಊಟ ಕ್ಯಾನ್ಸಲ್ ಆಗಲಿ, ಯಾರಿಗಾದರೂ ಹೆರಿಗೆಯಾಗಲಿ, ಯಾರಾದರೂ ತೀರಿಕೊಳ್ಳಲಿ, ಮೊದಲ ಫೋನ್ ವೆಸ್ಟ್ ವಿಂಡ್ಸರ್‌ನ ನನ್ನ ಗೆಳತಿಯದು. ಆಕೆ ಒಬ್ಬರಿಗೆ ಹೇಳಿದರೆ, ಅವರು ಮುಂದಿನವರಿಗೆ. ಈಸ್ಟ್ ಬ್ರನ್ಸ್‌ವಿಕ್‌ನ ನಮ್ಮದು ಕೊನೆಯ ಮನೆ. ಸುದ್ದಿ ಬಂದೊಡನೆ ನಾನು ತಿರುಗಿ ಆಕೆಗೇ ಫೋನ್ ಮಾಡಿ, "ಮುಟ್ಟಿತ್ರೀ" ಅನ್ನಬೇಕು. ಅಲ್ಲಿಯ ತನಕ ಆಕೆ ಫೋನಿನ ಪಕ್ಕದ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ಆಕೆ ಮೈಸೂರು, ನಾನು ಧಾರವಾಡ. ಎಷ್ಟು ಸಲಿಗೆಯಿದ್ದರೂ ಇಬ್ಬರೂ "ರೀ" ಬಿಡಲಿಲ್ಲ. ಆಮೇಲೆ ಹರಟೆ ಶುರುವಾದರೆ ಒಲೆಯ ಮೇಲಿನ ಪಲ್ಯ ಸೀಯುವುದೇ.

ಐಟಿ ಹುಡುಗರು ದಂಡುದಂಡಾಗಿ ಬಂದಿಳಿದ ಕಾಲವದು. ಕಮಿಟಿ ಸೇರಿದವರು ಇಮೇಲ್ ಗ್ರೂಪ್ ಮಾಡಿದರು. "ಆಂಟಿ, ಒಂದ್ ಕ್ಲಿಕ್ ಮಾಡಿದ್ರೆ ಎಲ್ಲರಿಗೂ ಹೋಗುತ್ತೆ. ಫೋನ್ ಯಾಕೆ ಸುಮ್ನೆ?" ಮಗಳು ನನಗೂ ಒಂದು ಅಕೌಂಟ್ ತೆರೆದುಕೊಟ್ಟಳು. ನನಗೋ ಆ ಕಂಪ್ಯೂಟರ್ ಪೆಟ್ಟಿಗೆಯ ಮುಂದೆ ಕೂತರೆ ಮೈ ಉರಿಯುತ್ತಿತ್ತು. ಸುದ್ದಿ ಹೇಳುವ ನೆಪ ತಪ್ಪಿದ ಮೇಲೆ ನಮ್ಮಿಬ್ಬರ ಫೋನೂ ಕಡಿಮೆಯಾಯಿತು.

ಒಂದು ಶನಿವಾರ ಇಂಡಿಯನ್ ಗ್ರೋಸರಿಯಲ್ಲಿ ಕೊತ್ತಂಬರಿ ಆರಿಸುತ್ತಿದ್ದಾಗ ಕಮಿಟಿಯ ಹುಡುಗನೊಬ್ಬ ಸಿಕ್ಕ.

"ಆಂಟಿ, ಫ್ಯೂನರಲ್‌ಗೆ ನೀವು ಬರಲೇ ಇಲ್ಲ?"

"ಯಾರದಪ್ಪಾ?"

ಗೆಳತಿಯ ಹೆಸರು ಹೇಳಿದ. ಹಾರ್ಟ್ ಅಟ್ಯಾಕ್ ಅಂತೆ. ಹಿಂದಿನ ವಾರವೇ ಎಲ್ಲ ಮುಗಿದುಹೋಗಿತ್ತು.

"ಮೇಲ್ ಹಾಕಿದ್ವಲ್ಲ ಆಂಟಿ, ಎಲ್ಲರಿಗೂ ಹೋಗಿತ್ತು."

"ಹೋತು ಖರೆ, ಮುಟ್ಟಿತೇನು ಅಂತ ಒಬ್ಬರರ ಕೇಳಿದಿರೇನು?" ಅಂಗಡಿಯೆಂದೂ ನೋಡದೆ ಕಿರುಚಿದೆ. ಅವನ ಕಣ್ಣಲ್ಲಿ ನೀರಾಡಿತು. ಪಾಪ, ಅವನಾದರೂ ಏನು ಮಾಡಿಯಾನು? ಆದರೆ ನನ್ನ ಸಂಕಟ ಯಾರಿಗೆ ಹೇಳಲಿ? ಆಕೆಯ ಮುಖವನ್ನು ಕೊನೆಯ ಸಲ ನೋಡಲಿಲ್ಲವಲ್ಲ! ಇಂಥ ಸುದ್ದಿಗೆ ಮೊದಲ ಫೋನ್ ಮಾಡುತ್ತಿದ್ದವಳೇ ಆಕೆ.

ಮನೆಗೆ ಬಂದವಳೇ ಕೋಟನ್ನೂ ತೆಗೆಯದೆ, ಬಾಯಿಪಾಠವಾಗಿದ್ದ ಆ ನಂಬರ್ ಒತ್ತಿದೆ. ಆಕೆಯ ಗಂಡ ಎತ್ತಿದರು. ಸಮಾಧಾನದ ನಾಲ್ಕು ಮಾತಾಡಬೇಕೆಂದಿದ್ದೆ. ಬಾಯಿಗೆ ಬಂದದ್ದು ಹಳೆಯದೇ.

"ಮುಟ್ಟಿತ್ರೀ."

"ವಾರದಿಂದ ಅವಳ ಕುರ್ಚೀಲೇ ಕೂತಿದೀನಮ್ಮ," ಅಂದರು. "ನಿಮ್ಮ ಫೋನ್ ಒಂದು ಬರ್ಲೇ ಇಲ್ವಲ್ಲಾ ಅಂತ."