ಎಂಟು ಲೋಟದ ಅಪ್ಪ

ಅಪ್ಪನನ್ನು ನೋಡಲು ನರ್ಸಮ್ಮ ಹತ್ತೂವರೆಗೆ ಬರುವವಳಿದ್ದಳು. ಮಗಳು ಐದಕ್ಕೇ ಎದ್ದು ಮನೆ ತಿಕ್ಕಿ ತೊಳೆದಳು. ಅಪ್ಪನ ಒದ್ದೆ ಹಾಸಿಗೆಯನ್ನು ಹಿತ್ತಲ ಗೋಡೆಯ ಮೇಲೆ ಹಾಕಿ ಹಿಂಬಾಗಿಲು ಮುಚ್ಚಿದಳು. ಒಲೆಗೆ ಕರಗಿ ಅಂಟಿದ್ದ ಪ್ಲಾಸ್ಟಿಕ್ ಜಗ್ಗಿನ ಕಲೆಯನ್ನು ಚಾಕುವಿನಿಂದ ಕೆರೆದು ತೆಗೆದಳು. ಅಪ್ಪನಿಗೆ ಸ್ನಾನ ಮಾಡಿಸಿ, ಗಡ್ಡ ಹೆರೆದು, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಡಿಸಿದಳು. ಯಾರಾದರೂ ಬರುತ್ತಾರೆಂದರೆ ಮನೆ ಹೇಗಿರಬೇಕೋ ಹಾಗಿರಬೇಕು ಎಂದೇ ಬೆಳೆದವಳು ಅವಳು. ಅದೇ ತಪ್ಪಾಯಿತೆಂದು ಹೊಳೆದದ್ದು ಆಮೇಲೆ.

ಅಪ್ಪ ಮೂವತ್ತೆಂಟು ವರ್ಷ ಒಂದೇ ಹೋಟೆಲಿನಲ್ಲಿ ಸಪ್ಲೈಯರ್ ಆಗಿದ್ದವನು. ಅವನ ಜೇಬಿನಲ್ಲಿ ಬರೆದುಕೊಳ್ಳುವ ಚೀಟಿ ಎಂದೂ ಇರಲಿಲ್ಲ. ಆರು ಟೇಬಲ್ಲಿನ ಆರ್ಡರನ್ನು ತಲೆಯಲ್ಲೇ ಹೊತ್ತು ತಂದು ಅಡುಗೆಮನೆಯ ಕಿಟಕಿಗೆ ಒಂದೇ ಉಸಿರಿನಲ್ಲಿ ಕೂಗುತ್ತಿದ್ದ. ಒಂದೇ ಕೈಯಲ್ಲಿ ಎಂಟು ಲೋಟ ಚಹಾ ತರುತ್ತಿದ್ದ, ಹನಿ ಚೆಲ್ಲುತ್ತಿರಲಿಲ್ಲ. ಗಿರಾಕಿಗಳು ಅವನ ಹೆಸರು ಬಿಟ್ಟು ‘ಎಂಟು ಲೋಟ’ ಎಂದೇ ಕರೆದರು. ಆ ಎಂಟು ಲೋಟದಲ್ಲೇ ಇಬ್ಬರು ಮಕ್ಕಳು ಓದಿ ದೊಡ್ಡವರಾದರು.

ಎರಡು ವರ್ಷದಿಂದ ಆ ತಲೆ ತೂತುಬಿದ್ದ ಕೊಡದಂತೆ ಸೋರುತ್ತಿತ್ತು. ಹೋದ ತಿಂಗಳು ಅಪ್ಪ ನೀರು ಕಾಯಿಸಲು ಪ್ಲಾಸ್ಟಿಕ್ ಜಗ್ಗನ್ನೇ ಒಲೆಯ ಮೇಲಿಟ್ಟ. ಹೊಗೆ ಕಂಡು ಎದುರುಮನೆಯ ಅಕ್ಕ ಓಡಿ ಬಂದಿದ್ದಕ್ಕೆ ಮನೆ ಉಳಿಯಿತು. ಅಲ್ಲಿಯವರೆಗೆ ಹಗಲು ಅಪ್ಪನ ಮೇಲೆ ಕಣ್ಣಿಡುತ್ತಿದ್ದ ಆ ಅಕ್ಕನೂ ಅಂದೇ ಕೈ ಮುಗಿದಳು.

“ನೋಡೇ ತಂಗಿ, ನಿಮ್ಮಪ್ಪನ ಕಾಲು ಚಿಗರೆ ಥರ ಓಡುತ್ತೆ, ನನ್ನ ಮಂಡಿ ಮುರುಕಲು ಮಂಚ. ನಾಳೆ ಏನಾದ್ರೂ ಆದ್ರೆ ನನ್ನ ತಲೆಗೇ ಬರುತ್ತೆ. ಬೇಜಾರು ಮಾಡ್ಕೋಬೇಡ.”

ಮಗಳು ನೋಟ್‌ಬುಕ್ ಬೈಂಡಿಂಗ್ ಮಾಡುವ ಕಡೆ ಕೆಲಸಕ್ಕಿದ್ದಳು. ಶಾಲೆ ಶುರುವಾಗುವ ಸಮಯ. ಮೂರು ವಾರದ ರಜೆಯನ್ನು ಮಾಲೀಕ ಹಲ್ಲು ಕಚ್ಚಿ ಸಹಿಸಿದ್ದ. “ಸೋಮವಾರ ಬಂದ್ರೆ ಬಾ. ಇಲ್ಲಾಂದ್ರೆ ಬೇರೆಯವರನ್ನ ನೋಡ್ಕೋತೀನಮ್ಮ,” ಎಂದು ಹೇಳಿ ಕಳಿಸಿದ.

ಅವಳು ಕೇಳದ ಜಾಗ ಇರಲಿಲ್ಲ. ಮನೆಗೇ ಬಂದು ನೋಡಿಕೊಳ್ಳುವವರನ್ನು ಇಟ್ಟುಕೊಳ್ಳೋಣವೆಂದರೆ ಅವರ ಸಂಬಳ ತನ್ನ ಸಂಬಳಕ್ಕಿಂತ ಜಾಸ್ತಿ. “ವೃದ್ಧಾಶ್ರಮಕ್ಕೆ ಸೇರಿಸು, ಎಷ್ಟು ದಿನ ಒದ್ದಾಡ್ತೀಯ,” ಎಂದ ಅಣ್ಣ, ಫೋನಿನಲ್ಲಿ. ಅದನ್ನೂ ನೋಡಿ ಬಂದಳು. ಹಾಸಿಗೆ ಶುಚಿ, ಮಾತು ಮೃದು. ಆದರೆ ಜೀವಮಾನವಿಡೀ ನಿಂತು ಬಡಿಸಿದವನನ್ನು ಬೆಳಗಿನಿಂದ ಸಂಜೆವರೆಗೆ ಕುರ್ಚಿಯಲ್ಲಿ ಕೂರಿಸಿದರೆ ತಿಂಗಳೊಳಗೆ ಮುದುಡಿಹೋಗುತ್ತಾನೆ ಅನ್ನಿಸಿತು. ಉಳಿದದ್ದು ವಯಸ್ಸಾದವರನ್ನು ಹಗಲಷ್ಟೇ ನೋಡಿಕೊಳ್ಳುವ ಕೇಂದ್ರ. ಬೆಳಿಗ್ಗೆ ವ್ಯಾನ್ ಬಂದು ಕರೆದೊಯ್ಯುತ್ತದೆ, ಸಂಜೆ ತಂದು ಬಿಡುತ್ತದೆ. ಖಾಲಿ ಇದ್ದದ್ದು ಒಂದೇ ಜಾಗ. ಕೇಂದ್ರದ ನರ್ಸಮ್ಮ ಬಂದು ನೋಡಿ, ಇವರಿಗೆ ಅಗತ್ಯವಿದೆ ಎಂದು ಬರೆದರೆ ಮಾತ್ರ ಸಿಗುವುದು.

ಪರೀಕ್ಷೆಯಲ್ಲಿ ಅಪ್ಪ ಫೇಲಾಗಲಿ ಎಂದು ಹರಕೆ ಹೊರುವ ಮಗಳು ತಾನೊಬ್ಬಳೇ ಇರಬೇಕು ಎಂದುಕೊಂಡಳು.

ನರ್ಸಮ್ಮ ಬಂದಳು. ಅಪ್ಪ ಎದ್ದು ಹೆಗಲ ಮೇಲಿನ ಬಟ್ಟೆಯಿಂದ ಕುರ್ಚಿ ಒರೆಸಿ, “ಬನ್ನಿ ಅಮ್ಮಾ, ಫ್ಯಾನ್ ಕೆಳಗೇ ಕೂತ್ಕೊಳಿ,” ಎಂದ. ಇಂಥ ನಗುವನ್ನು ಮಗಳು ತಿಂಗಳುಗಳಿಂದ ಕಂಡಿರಲಿಲ್ಲ.

“ಯಜಮಾನರೇ, ಮೂರು ಪದ ಹೇಳ್ತೀನಿ. ಆಮೇಲೆ ಕೇಳಿದಾಗ ಹೇಳ್ಬೇಕು. ಕೊಡೆ, ನಾಣ್ಯ, ಕುರ್ಚಿ.”

ನರ್ಸಮ್ಮ ಬೇರೆ ಏನೇನೋ ಕೇಳಿದಳು. ವಾರ ಯಾವುದೆಂದಾಗ ಅಪ್ಪ, “ರಜಾ ಇಲ್ಲದೋನಿಗೆ ಎಲ್ಲಾ ವಾರವೂ ಒಂದೇ ಅಮ್ಮಾ,” ಎಂದು ನಗಿಸಿಬಿಟ್ಟ. ಕೊನೆಗೆ ಆ ಮೂರು ಪದ ಕೇಳಿದಳು.

ಅಪ್ಪ ಬೆನ್ನು ನೆಟ್ಟಗೆ ಮಾಡಿ ಅಡುಗೆಮನೆಯ ಕಡೆ ಕೂಗಿದ. “ಕೊಡೆ ಒಂದು, ನಾಣ್ಯ ಒಂದು, ಕುರ್ಚಿ ಒಂದು.” ಆಮೇಲೆ ನರ್ಸಮ್ಮನ ಕಡೆ ಬಾಗಿ, “ಪಾರ್ಸಲ್ಲಾ, ಇಲ್ಲೇನಾ?”

ನರ್ಸಮ್ಮ ನಕ್ಕು ಗುರುತು ಹಾಕಿಕೊಂಡಳು. ಅಪ್ಪ ಪಾಸಾಗಿದ್ದ.

“ಮನೆ ಚೆನ್ನಾಗಿಟ್ಟಿದೀರ. ನೀವೇನಾದ್ರೂ ಹೇಳೋದಿದೆಯಾ?”

ಹಾಸಿಗೆ, ಜಗ್ಗು, ಬೀದಿಯ ಕೊನೆಯವರೆಗೆ ಬರಿಗಾಲಲ್ಲಿ ಹೋದದ್ದು, ಎಲ್ಲ ಹೇಳಬೇಕಿತ್ತು. ಆದರೆ ಬಿಳಿ ಅಂಗಿಯಲ್ಲಿ ಎದುರಿಗೇ ಕೂತ ಅಪ್ಪನ ಮುಂದೆ ಅವನ್ನು ಹೇಗೆ ಆಡುವುದು? ಏನೂ ಇಲ್ಲವೆಂದು ತಲೆಯಾಡಿಸಿದಳು. ನರ್ಸಮ್ಮ ಫೈಲು ಮುಚ್ಚಿ ಬ್ಯಾಗಿಗೆ ಹಾಕಿದಳು.

“ಬಂದವರನ್ನ ಬರಿಬಾಯಲ್ಲಿ ಕಳಿಸ್ತಾರಾ? ತಡೀರಿ, ಚಹಾ ತರ್ತೀನಿ,” ಎಂದು ಅಪ್ಪ ಎದ್ದ.

ಬೇರೆ ದಿನವಾಗಿದ್ದರೆ ಮಗಳು ಹಾರಿ ಅವನ ಕೈ ಹಿಡಿಯುತ್ತಿದ್ದಳು. ಇವತ್ತು ಎರಡೂ ಕೈಯಿಂದ ಕುರ್ಚಿಯ ಅಂಚು ಹಿಡಿದು ಕೂತೇ ಇದ್ದಳು. ಅಪ್ಪನನ್ನು ಮಾರಿಕೊಳ್ಳುತ್ತಿದ್ದೇನೆ ಅನ್ನಿಸಿತು.

“ಒಲೆ ಹತ್ರ ಒಬ್ಬರನ್ನೇ ಬಿಡ್ತೀರಾ?” ಎಂದಳು ನರ್ಸಮ್ಮ.

“ಸಿಲಿಂಡರ್ ಹತ್ರಾನೇ ಆಫ್ ಮಾಡಿದೀನಿ ಮೇಡಂ. ದಿನಾ ಮಾಡ್ತೀನಿ.”

ಬ್ಯಾಗಿನ ಜಿಪ್ಪಿನ ಮೇಲಿದ್ದ ನರ್ಸಮ್ಮನ ಕೈ ಅಲ್ಲೇ ನಿಂತಿತು. ಒಳಗೆ ಲೈಟರು ಟಕ್, ಟಕ್, ಟಕ್ ಎಂದಿತು. ಆಮೇಲೆ ಸದ್ದಿಲ್ಲ. ಗ್ಯಾಸ್ ಇಲ್ಲವೆಂದು ಗೊತ್ತಿದ್ದರೂ ಮಗಳು ಅಡುಗೆಮನೆಯ ಕಡೆ ಕಿವಿಗೊಟ್ಟು ಕೂತಳು.

ಅಪ್ಪ ಬಂದ. ಒಂದೇ ಕೈಯಲ್ಲಿ ಎಂಟು ಲೋಟ, ಒಂದೂ ಅಲುಗಲಿಲ್ಲ. ಎಂಟೂ ಖಾಲಿ. ನರ್ಸಮ್ಮನ ಮುಂದೆ ಒಂದಿಟ್ಟು, “ಬಿಸಿ ಇದೆ, ನಿಧಾನ,” ಎಂದ. ಯಾರೂ ಇಲ್ಲದ ಕುರ್ಚಿಗಳ ಮುಂದೆ ಒಂದೊಂದು ಇಟ್ಟ. ಮಗಳ ಹತ್ತಿರ ಬಂದು ಮುಖ ನೋಡಿದ.

“ನೀವು ಒಬ್ರೇ ಬಂದ್ರಾ ಅಮ್ಮಾ? ಮನೆಯವರು ಯಾರೂ ಬರ್ಲಿಲ್ವಾ?”

“ಬರ್ತಾರೆ,” ಎಂದಳು ಮಗಳು.

ನರ್ಸಮ್ಮ ಖಾಲಿ ಲೋಟವನ್ನು ತುಟಿಗೆ ಮುಟ್ಟಿಸಿ, “ಚೆನ್ನಾಗಿದೆ ಯಜಮಾನರೇ,” ಎಂದಳು. ಅಡುಗೆಮನೆಗೆ ಹೋಗಿ ನೋಡಿದಳು. ಒಲೆಯ ಎರಡೂ ಗ್ಯಾಸ್ ತಿರುಗಣೆಗಳು ಪೂರ್ತಿ ತೆರೆದಿದ್ದವು, ಮೇಲೆ ಖಾಲಿ ಪಾತ್ರೆ. ಹಿಂಬಾಗಿಲು ತೆರೆದು ಹಾಸಿಗೆಯನ್ನೂ ಕಂಡಳು. ವಾಪಸು ಬಂದು ಫೈಲು ಬಿಚ್ಚಿ ಒಂದು ಪುಟ ತುಂಬ ಬರೆದಳು.

“ಇನ್ನೊಂದ್ಸಲ ನಮ್ಮಂಥವರು ಬಂದ್ರೆ ಮನೆ ಗುಡಿಸ್ಬೇಡಿ,” ಎಂದಳು ಹೋಗುವಾಗ, ಮೆಲ್ಲಗೆ.

ಶನಿವಾರ ಕೇಂದ್ರದಿಂದ ಫೋನ್ ಬಂತು. ಜಾಗ ಸಿಕ್ಕಿತ್ತು, ಆದರೆ ವಾರಕ್ಕೆ ಮೂರೇ ದಿನ.

ಸೋಮವಾರ ವ್ಯಾನಿನ ಮೆಟ್ಟಿಲ ಮೇಲೆ ಕಾಲಿಟ್ಟು ಅಪ್ಪ ತಿರುಗಿದ. “ಇವತ್ತು ಡ್ಯೂಟಿ ಎಷ್ಟೊತ್ತಿನ ತನಕ?”

“ಐದರ ತನಕ, ಅಪ್ಪಾ.”

ಬೈಂಡಿಂಗ್ ಮೇಜಿನ ಮೇಲೆ ಫೋನನ್ನು ಕಣ್ಣೆದುರೇ ಇಟ್ಟುಕೊಂಡು ಹಾಳೆ ಮಡಚಿದಳು. ಎರಡು ಸಲ ಅಂಚು ತಪ್ಪಿತು. ಹನ್ನೊಂದಕ್ಕೆ ಫೋನ್ ಹೊಡೆದುಕೊಂಡಾಗ ಕೈಯಲ್ಲಿದ್ದ ಕಟ್ಟು ನೆಲಕ್ಕೆ ಬಿತ್ತು.

“ಗಾಬರಿ ಏನಿಲ್ಲ,” ಎಂದಿತು ಕೇಂದ್ರದ ಧ್ವನಿ. “ನಿಮ್ಮ ತಂದೆ ಚಹಾ ಲೋಟ ನಮಗೆ ಮುಟ್ಟಕ್ಕೇ ಬಿಡ್ತಿಲ್ಲ. ಅವರೇ ಹಂಚ್ತಾರಂತೆ. ಕೊಡಬಹುದಾ?”

“ಕೊಡಿ. ಆದ್ರೆ ಚಹಾ ನೀವೇ ತುಂಬಿಸಿ ಕೊಡಿ. ಖಾಲಿ ಇದ್ರೆ ಅಪ್ಪಂಗೆ ಗೊತ್ತಾಗಲ್ಲ.”

ಫೋನಿಟ್ಟು ಬಿದ್ದ ಹಾಳೆಗಳನ್ನು ಆರಿಸಿಕೊಂಡಳು. ಮಾಲೀಕ ಕನ್ನಡಕದ ಮೇಲಿಂದ ನೋಡುತ್ತಿದ್ದ. ನಾಳೆ ಮಂಗಳವಾರ, ವ್ಯಾನ್ ಬರುವುದಿಲ್ಲ. ಮಡಚುವ ಕೆಲಸವನ್ನು ಉಳಿದ ಮೂರು ದಿನ ಮನೆಗೆ ಕೊಡುತ್ತಾನೋ ಇಲ್ಲವೋ ಕೇಳಬೇಕು. ಅಂಚು ಸರಿಮಾಡಿದ ಕಟ್ಟನ್ನು ಎತ್ತಿಕೊಂಡು ಅವನ ಮೇಜಿನ ಕಡೆ ನಡೆದಳು.