ಮೂರನೆಯ ಕುಮುದಾ

ಪುಸ್ತಕ ಸಿಕ್ಕಿತು. ಇದನ್ನು ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದ್ದು ಬರೆಯಲು ಕೈ ಓಡುವುದಿಲ್ಲ. ಐವತ್ತು ವರ್ಷದಿಂದ ಕಾಣಬೇಕೆಂದಿದ್ದ ‘ಕುಮುದಾ ಮತ್ತು ಕಾಣೆಯಾದ ಪತ್ರ’, ಹಳೆಯ ಅಚ್ಚಿನದ್ದೇ, ರಟ್ಟಿನ ಮೇಲೆ ಎರಡು ಜಡೆಯ ಹುಡುಗಿ ಟಾರ್ಚು ಹಿಡಿದು ನಿಂತಿರುವಂಥದ್ದೇ, ಇವತ್ತು ಬೆಳಿಗ್ಗೆ ಶಿರ್ತಾಡಿಯ ನಮ್ಮ ಮನೆಗೆ ಬಂತು. ತಂದವಳು ನನ್ನ ಅಕ್ಕನ ಮಗಳು ಉಷಾ. ಕನ್ಯಾನದಲ್ಲಿ ಅವಳ ಗಂಡನ ಮನೆಯ ಅಟ್ಟದ ಮೇಲೆ, ಹಳೆಯ ಪಂಚಾಂಗಗಳ ಕಟ್ಟಿನೊಳಗೆ ಇತ್ತಂತೆ. ಬಸ್ಸಿನಿಂದ ಬಸ್ಸಿಗೆ ಹತ್ತಿಳಿದು, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡೇ ತಂದಿದ್ದಳು. ಸಂತೋಷದಲ್ಲಿ ನನಗೆ ಏನು ಮಾಡಬೇಕೆಂದೇ ತಿಳಿಯಲಿಲ್ಲ. ಮಗ ಹರೀಶನಿಗೆ ಫೋನು ಮಾಡಿ ಕೋಳಿ ತರಲು ಹೇಳಿದೆ, ಸೊಸೆಗೆ ಮಸಾಲೆ ಹುರಿಯಲು ಹೇಳಿದೆ, ಪಕ್ಕದ ಮನೆಗೂ ಹೋಗಿ ಸುದ್ದಿ ಮುಟ್ಟಿಸಿ ಬಂದೆ. ನನ್ನ ಮುಖ ನೋಡಿ ಅವರು, ಮೊಮ್ಮಗಳಿಗೆ ಏನೋ ಬಹುಮಾನ ಬಂದಿರಬೇಕೆಂದು ತಿಳಿದರು.

ಚೀಲ ಬಿಚ್ಚಿದ ಕೂಡಲೇ ಹೊಗೆಸೊಪ್ಪಿನ ವಾಸನೆ ಬಂತು. ಆ ಮನೆಯಲ್ಲೂ ಹಿಂದೆ ಬೀಡಿ ಕಟ್ಟುತ್ತಿದ್ದರಂತೆ, ಹಾಳೆ ಹಾಳೆಗೂ ಹುಡಿ ಹೊಕ್ಕಿತ್ತು. ಮೂಗಿನ ತುದಿಗೆ ಕಚ್ಚುವ, ಸ್ವಲ್ಪ ಸಿಹಿಯಾದ, ಒದ್ದೆ ಗೋಣಿಯೂ ಬೆರೆತಂಥ ವಾಸನೆ. ನಿಮ್ಮ ಮನೆಯಲ್ಲೂ ತಾಯಿಯೋ ಅಜ್ಜಿಯೋ ಬೀಡಿ ಕಟ್ಟಿದ್ದರೆ ನಾನು ಹೆಚ್ಚು ಹೇಳಬೇಕಾಗಿಲ್ಲ. ದೊಡ್ಡದೊಂದು ಸೀನು ಬಂತು, ಕಣ್ಣಲ್ಲಿ ನೀರು ಬಂತು, ಕಣ್ಣೊರೆಸಿಕೊಳ್ಳುವಾಗ ನಾನು ವೇಣೂರಿನ ನಮ್ಮ ಜಗಲಿಯಲ್ಲಿದ್ದೆ. ಆ ಮನೆ ಈಗ ಇಲ್ಲ. ರಸ್ತೆ ಅಗಲ ಮಾಡುವಾಗ ಜಗಲಿ ಹೋಯಿತು, ಉಳಿದ ಜಾಗದಲ್ಲಿ ಟಯರಿನ ಅಂಗಡಿಯಾಗಿದೆ. ಆದರೆ ಆಗ ಅಲ್ಲಿ ಸೆಗಣಿ ಸಾರಿಸಿದ ತಂಪು ನೆಲವಿತ್ತು, ಗೋಣಿಯಲ್ಲಿ ಸುತ್ತಿಟ್ಟ ಎಲೆಗಳಿದ್ದವು, ಸಂಜೆಯವರೆಗೂ ನಿಲ್ಲದ ಕತ್ತರಿಗಳ ಸದ್ದಿತ್ತು. ಮಡಿಲಲ್ಲಿ ತಡ್ಪೆ, ಎಂದರೆ ಸಣ್ಣ ಮೊರ, ಇಟ್ಟುಕೊಂಡು ಅಮ್ಮ, ನೆರೆಮನೆಯ ಐಸಮ್ಮಕ್ಕ, ಅವರ ಪಕ್ಕದಲ್ಲಿ ನಾನು. ನನಗೆ ಒಂಬತ್ತು ವರ್ಷ. ನಾಲ್ಕನೇ ಕ್ಲಾಸಿಗೆ ನನ್ನ ಶಾಲೆ ಮುಗಿದಿತ್ತು, ಬೆರಳು ಸಣ್ಣದಿದ್ದ ಕಾರಣ ಬೀಡಿಯ ತಲೆ ಮಡಚುವ ಕೆಲಸ ನನಗೆ. ಅಕ್ಕ ಲೀಲಾ ನನಗಿಂತ ನಾಲ್ಕು ವರ್ಷ ದೊಡ್ಡವಳು, ಏಳನೇ ಕ್ಲಾಸು. ಶಾಲೆ ಬಿಟ್ಟು ಬಂದವಳು ಕೈಕಾಲು ತೊಳೆದು, ಕಂಬಕ್ಕೆ ಒರಗಿ ಕೂತು, ಬೆಳಕು ಇರುವಷ್ಟು ಹೊತ್ತು ನಮಗೆ ಕುಮುದಾ ಓದುತ್ತಿದ್ದಳು.

ಕುಮುದಾ ಎಂದರೆ ಪತ್ತೇದಾರಿ ಮಾಡುವ ಹುಡುಗಿ, ಹೈಸ್ಕೂಲಿನವಳು. ಒಂದು ಸೈಕಲು, ಒಂದು ಟಾರ್ಚು, ಒಂದು ನೋಟುಬುಕ್ಕು ಅವಳ ಆಸ್ತಿ. ಅಂಗೈಯಗಲದ ಆ ಪುಸ್ತಕಗಳು ಬಸ್ ನಿಲ್ದಾಣದ ಬೀಡಾ ಅಂಗಡಿಯಲ್ಲಿ ಬಾಡಿಗೆಗೆ ಸಿಗುತ್ತಿದ್ದವು, ಕಟ್ಟಿದ ಬೀಡಿ ಕೊಡಲು ಕಂಪೆನಿಯ ಬ್ರಾಂಚಿಗೆ ಹೋದ ಅಮ್ಮ ವಾರಕ್ಕೊಂದು ತರುತ್ತಿದ್ದಳು. ಓದುವುದೆಂದರೆ ಸುಮ್ಮನೆ ಓದುವುದಲ್ಲ. ಐಸಮ್ಮಕ್ಕನಿಗೆ ಪುಸ್ತಕದ ಕನ್ನಡ ಹಿಡಿಯುತ್ತಿರಲಿಲ್ಲ, ಅಮ್ಮನಿಗೂ ಅಷ್ಟಕ್ಕಷ್ಟೆ. ಆದ್ದರಿಂದ ಅಕ್ಕನ ಕಣ್ಣು ಕನ್ನಡದ ಮೇಲೆ ಓಡುತ್ತಿತ್ತು, ಬಾಯಲ್ಲಿ ತುಳು ಬರುತ್ತಿತ್ತು. ಓದುವವಳ ಕೈ ಕೆಲಸ ಮಾಡುವುದಿಲ್ಲವಲ್ಲ, ಅದಕ್ಕೆ ಕೇಳುವವರೆಲ್ಲ ತಾವು ಕಟ್ಟಿದ್ದರಲ್ಲಿ ಒಂದೊಂದು ಹಿಡಿ ಬೀಡಿ ತೆಗೆದು ಅಕ್ಕನ ತಡ್ಪೆಗೆ ಹಾಕಬೇಕು. ಅದು ನಮ್ಮ ಜಗಲಿಯ ಪದ್ಧತಿ. ಯಾರೂ ನೆನಪಿಸಬೇಕಾಗಿರಲಿಲ್ಲ, ಕಥೆ ರುಚಿಯಾದ ದಿನ ಹಿಡಿ ದೊಡ್ಡದಾಗುತ್ತಿತ್ತು.

ಆ ಪುಸ್ತಕಗಳಲ್ಲಿ ಕಳ್ಳ ಯಾವಾಗಲೂ ಒಂದು ಬೀಡಿ ತುಂಡು ಬಿಟ್ಟು ಹೋಗುತ್ತಿದ್ದ. ಕುಮುದಾ ಅದನ್ನು ಮುಟ್ಟಿ, ಇನ್ನೂ ಬಿಸಿ ಇದೆ ಅನ್ನುತ್ತಿದ್ದಳು. ಆಗ ಐಸಮ್ಮಕ್ಕನಿಗೆ ಹೆಮ್ಮೆ.

“ಲೀಲಾ, ಅದು ನಾನು ಕಟ್ಟಿದ ಬೀಡಿಯೇ ಮಾರಾಯ್ತಿ. ಇಷ್ಟು ಹೊತ್ತಾದ್ರೂ ನಂದಲಿಲ್ಲ ನೋಡು.”

“ನಿನ್ನದಾದ್ರೆ ದಾರಿಯಲ್ಲೇ ನೂಲು ಬಿಚ್ಚಿ ಹೋಗ್ತಿತ್ತು,” ಅನ್ನುತ್ತಿದ್ದಳು ಅಮ್ಮ. “ಕಳ್ಳ ಅಲ್ಲೇ ಕೂತು ಕಟ್ಟುವಾಗ ಸಿಕ್ಕಿ ಬೀಳ್ತಿದ್ದ.”

ಕುಮುದಾ ಪುಸ್ತಕಗಳು ಆಮೇಲೆ ನಿಂತುಹೋದವು. ಅಕ್ಕ ತೀರಿಕೊಂಡ ಮರುವರ್ಷ ಮತ್ತೆ ಬಂದವು, ಹೊಸ ಅಚ್ಚಿನಲ್ಲಿ, ಹೊಸ ಬಟ್ಟೆಯಲ್ಲಿ. ಒಂಬತ್ತನೇ ಕ್ಲಾಸಿನ ನನ್ನ ಮೊಮ್ಮಗಳು ಶ್ರಾವ್ಯ ಮೂಡುಬಿದಿರೆಯಿಂದ ತಂದಾಗ ನಾನು ಗುರುತಿಸಲೇ ಇಲ್ಲ. ಜಡೆ ಇಲ್ಲ, ಕತ್ತರಿಸಿದ ಕೂದಲು, ಪ್ಯಾಂಟು, ಕೈಯಲ್ಲಿ ಫೋನು. ಹಳೆಯ ಕುಮುದಾ ಮೇಲೆಯೂ ಹೊಸ ಕುಮುದಾ ಮೇಲೆಯೂ ಪ್ರೀತಿ ಇರುವವರದ್ದು ಫೋನಿನಲ್ಲಿ ಒಂದು ಗುಂಪು ಉಂಟು. ಅವರಿಗೆ ದಿನಾ ಅದೇ ಜಗಳ. ಹಳೆಯದರಲ್ಲಿ ಹಿಟ್ಟು ಚೆಲ್ಲಿ ಹೆಜ್ಜೆ ಗುರುತು ಹುಡುಕುತ್ತಿದ್ದಳು, ಹೊಸದರಲ್ಲಿ ಅಂಗಡಿಯ ಕ್ಯಾಮರಾ ನೋಡುತ್ತಾಳೆ. ಹಳೆಯದರ ಬೀಡಿ ತುಂಡು ಹೊಸದರಲ್ಲಿ ಚೂಯಿಂಗ್ ಗಮ್ಮಿನ ಕಾಗದವಾಗಿದೆ. ಹಳೆಯ ಕುಮುದಾ ಮನೆಗೆಲಸದವಳನ್ನು ಗದರುತ್ತಿದ್ದಳು, ಅದನ್ನು ತೆಗೆದದ್ದು ಒಳ್ಳೆಯದಾಯಿತು ಎಂದು ಒಬ್ಬರು ಬರೆದರೆ, ಹಾಗೆ ತೆಗೆಯುತ್ತಾ ಹೋದರೆ ರಟ್ಟು ಮಾತ್ರ ಉಳಿದೀತು ಎಂದು ಇನ್ನೊಬ್ಬರು. ಸಣ್ಣ ಅಕ್ಷರ ನನ್ನ ಕಣ್ಣಿಗೆ ಹಿಡಿಯುವುದಿಲ್ಲ, ಶ್ರಾವ್ಯ ಇದನ್ನೆಲ್ಲ ನನಗೆ ಓದಿ ಹೇಳುವಳು, ನಾನು ಹೇಳಿದ್ದನ್ನು ಫೋನಿಗೆ ತುಂಬಿಸಿ ಅವರಿಗೆ ಕಳಿಸುವಳು. ಬೀಡಿ ತುಂಡಿನ ಸಂಗತಿ ನಾನು ಹೇಳಿದ್ದಕ್ಕೆ ಎಷ್ಟೋ ಜನ ನಕ್ಕರಂತೆ.

ಆದರೆ ‘ಕಾಣೆಯಾದ ಪತ್ರ’ದ ಹೊಸ ಅಚ್ಚು ಕೇಳಿದ ದಿನ ನಾನು ನಗಲಿಲ್ಲ. ಅದರಲ್ಲಿ ಆ ಮಗು ಇರಲಿಲ್ಲ. ಪತ್ರ ಕದ್ದವಳು ಆ ಮನೆಯ ಸಣ್ಣ ಹುಡುಗಿ, ಕುಮುದಾ ಅವಳನ್ನು ಕ್ಷಮಿಸುತ್ತಾಳೆ, ಆ ಅಧ್ಯಾಯವನ್ನೇ ಹೊಸಬರು ಕಿತ್ತುಹಾಕಿದ್ದಾರೆ ಎಂದು ನಾನು ಹಟ ಹಿಡಿದೆ. ಗುಂಪಿನ ಹಳಬರೊಬ್ಬರು, ಹಳೆಯದರಲ್ಲೂ ಅಂಥ ಮಗು ಇಲ್ಲ, ನಾನು ನಾಲ್ಕು ಸಲ ಓದಿದ್ದೇನೆ ಎಂದು ಉತ್ತರ ಕೊಟ್ಟರು. “ಹಳೆಯದೂ ಅಲ್ಲ, ಹೊಸದೂ ಅಲ್ಲ, ಅಜ್ಜಿಯದ್ದು ಮೂರನೆಯ ಕುಮುದಾ,” ಎಂದು ಮತ್ತೊಬ್ಬ ತಮಾಷೆ ಮಾಡಿದ. ನನಗೆ ಅನ್ನ ಸೇರಲಿಲ್ಲ. ಆ ಮಗುವನ್ನು ನಂಬಿಕೊಂಡೇ ನಾನು ಐವತ್ತು ವರ್ಷ ಬದುಕಿದ್ದೆ. ಯಾಕೆಂದು ಈಗ ಹೇಳುತ್ತೇನೆ.

ಅಕ್ಕ ಏಳನೇ ಕ್ಲಾಸು ಪಾಸಾದ ವರ್ಷ, ಮೂಡುಬಿದಿರೆಯಲ್ಲಿ ಸೋದರತ್ತೆಯ ಮನೆಯಲ್ಲಿ ನಿಂತು ಅವಳು ಹೈಸ್ಕೂಲಿಗೆ ಹೋಗುವುದೆಂದು ನಿಶ್ಚಯವಾಗಿತ್ತು. ಶಾಲೆಯಿಂದ ಟೀಸಿ ತಂದು ಅಪ್ಪನ ತಗಡಿನ ಪೆಟ್ಟಿಗೆಯಲ್ಲಿ ಇಟ್ಟಳು. ಅಮ್ಮ ಎರಡು ಲಂಗ ಹೊಲಿಸಿದಳು. ಎಲ್ಲರಿಗೂ ಸಂತೋಷ, ನನ್ನ ತಲೆಯಲ್ಲಿ ಮಾತ್ರ ಒಂದೇ ಯೋಚನೆ: ಅವಳು ಹೋದರೆ ಕುಮುದಾ ಹೋದಳು. ಕತ್ತರಿಯ ಸದ್ದು ಬಿಟ್ಟರೆ ಜಗಲಿಯಲ್ಲಿ ಬೇರೇನೂ ಇರುವುದಿಲ್ಲ. ಒಂದು ಸಂಜೆ ಆ ಕಾಗದ ತೆಗೆದು, ಎಲೆ ಕತ್ತರಿಸಿ ಉಳಿದ ಚೂರುಗಳ ಬುಟ್ಟಿಯ ತಳದಲ್ಲಿ ಅಡಗಿಸಿದೆ. ಎರಡು ದಿನ ಎಲ್ಲರೂ ಹುಡುಕಲಿ, ಮೂರನೆಯ ದಿನ ಕುಮುದಾಳ ಹಾಗೆ ನಾನೇ ಕಂಡುಹಿಡಿದು ಕೊಡುತ್ತೇನೆ ಎಂಬ ಆಸೆಯೂ ಇತ್ತು. ಆದರೆ ಎಲೆಚೂರು ಎಂದರೆ ನಮ್ಮಲ್ಲಿ ಬಚ್ಚಲೊಲೆಗೆ. ಮರುದಿನ ಬೆಳಿಗ್ಗೆ ಅಮ್ಮ ಬುಟ್ಟಿಯನ್ನು ಹಾಗೆಯೇ ಒಲೆಯ ಬಾಯಿಗೆ ಕವುಚಿದಳು. ನಾನು ಓಡಿ ಬರುವಾಗ ನೀರು ಕಾದಿತ್ತು. ಆ ನೀರಿನಲ್ಲೇ ನಾನು ಮಿಂದೆ, ಅಕ್ಕನೂ ಮಿಂದಳು.

ಪೆಟ್ಟಿಗೆ ಬರಿದು ಮಾಡಿ ಹುಡುಕಿದರು, ಚಾಪೆ ಕೊಡವಿದರು. ಶಾಲೆಯಲ್ಲಿ ಇನ್ನೊಂದು ಬರೆಸಿಕೊಳ್ಳಬಹುದಿತ್ತು, ಆದರೆ ಓಡಾಡುವವರು ಯಾರು. ಮುಂದಿನ ವರ್ಷ ನೋಡುವ ಎಂದರು ಅಪ್ಪ. ಮುಂದಿನ ವರ್ಷ ತಮ್ಮ ಹುಟ್ಟಿದ, ತೊಟ್ಟಿಲು ತೂಗಲು ಜನ ಬೇಕಾಯಿತು. ಅದರ ಮುಂದಿನ ವರ್ಷ ಯಾರೂ ಆ ಮಾತು ಎತ್ತಲಿಲ್ಲ. ಅಕ್ಕ ಎರಡು ದಿನ ಗಂಜಿ ಉಣ್ಣಲಿಲ್ಲ, ಮೂರನೆಯ ದಿನ ತಡ್ಪೆ ತೆಗೆದುಕೊಂಡು ಜಗಲಿಗೆ ಬಂದು ಕೂತಳು. ಹದಿಮೂರು ವರ್ಷದ ಆ ಬೆರಳುಗಳು ಆಮೇಲೆ ನಲವತ್ತು ವರ್ಷ ನೂಲು ಸುತ್ತಿದವು, ಉಗುರಿನ ಸಂದಿಯ ಕಪ್ಪು ಕಡೆಯವರೆಗೂ ಹೋಗಲಿಲ್ಲ.

ಕೆಲವು ವಾರ ಕಳೆದು ಅಮ್ಮ ತಂದ ಪುಸ್ತಕವೇ ‘ಕಾಣೆಯಾದ ಪತ್ರ’. ಅಕ್ಕ ಓದಿದಳು. ಒಂದು ಮನೆಯಲ್ಲಿ ಮುಖ್ಯವಾದ ಕಾಗದ ಕಾಣೆಯಾಗಿದೆ, ಕುಮುದಾ ಎಲ್ಲರನ್ನೂ ವಿಚಾರಿಸುತ್ತಾಳೆ, ಕಡೆಗೆ ಅದನ್ನು ತೆಗೆದದ್ದು ಆ ಮನೆಯ ಸಣ್ಣ ಹುಡುಗಿ. ನನ್ನ ಕೈಯಲ್ಲಿ ಎಲೆ ಹರಿಯಿತು. ಕುಮುದಾ ಆ ಹುಡುಗಿಯನ್ನು ಹೊಳೆಯ ಮೆಟ್ಟಿಲಲ್ಲಿ ಕೂರಿಸಿ ತಲೆ ಬಾಚುತ್ತಾಳೆ. ಕಾಗದ ಹೋದರೆ ಹೋಯಿತು, ನೀನು ಹೆದರಿ ಹೆದರಿ ಸಣ್ಣಗಾಗಬೇಡ ಅನ್ನುತ್ತಾಳೆ. ಮನೆಯವರಿಗೆ, ಗೆದ್ದಲು ತಿಂದಿದೆ ಎಂದು ಹೇಳಿ ಸೈಕಲು ಹತ್ತಿ ಹೋಗುತ್ತಾಳೆ.

“ಇದೆಂಥ ಪತ್ತೇದಾರಿ?” ಎಂದಳು ಐಸಮ್ಮಕ್ಕ. “ಕಳ್ಳಿ ಸಿಕ್ಕಿದ ಮೇಲೆ ಬೆನ್ನಿಗೆ ಎರಡು ಬಿಡುವುದಲ್ವಾ?”

“ಪುಸ್ತಕದಲ್ಲಿ ಹೀಗೇ ಉಂಟು ಐಸಮ್ಮಕ್ಕ, ನಾನೇನು ಮಾಡ್ಲಿ,” ಎಂದಳು ಅಕ್ಕ, ಹಾಳೆಯಿಂದ ಕಣ್ಣೆತ್ತದೆ.

ಅವತ್ತು ನಾನು ನಿರಾಳವಾಗಿ ಉಸಿರಾಡಿದೆ. ಅಚ್ಚಾದ ಪುಸ್ತಕದಲ್ಲೇ ಹೀಗೆ ಬರೆದಿದ್ದಾರೆ ಎಂದ ಮೇಲೆ ನನ್ನಂಥವರು ಲೋಕದಲ್ಲಿ ಇನ್ನೂ ಇದ್ದಾರೆ, ಅವರಿಗೆ ಕ್ಷಮೆಯೂ ಉಂಟು. ನಾಲ್ಕನೇ ಕ್ಲಾಸು ಓದಿದವಳಿಗೆ ಅಚ್ಚಾದದ್ದೆಲ್ಲ ಸರಕಾರದ ಮಾತಿನ ಹಾಗೆ. ಅದನ್ನು ನಂಬಿಕೊಂಡೇ ಅಕ್ಕನಿಗೆ ನಾನು ಏನೂ ಹೇಳಲಿಲ್ಲ. ಆ ದಿನವೂ ಹೇಳಲಿಲ್ಲ, ಅವಳ ಮದುವೆಯ ದಿನವೂ ಹೇಳಲಿಲ್ಲ.

ಇವತ್ತು ಮಧ್ಯಾಹ್ನ ಗಂಜಿ ಉಂಡ ಮೇಲೆ ಶ್ರಾವ್ಯ ಹಳೆಯ ಪುಸ್ತಕವನ್ನು ಮೊದಲಿನಿಂದ ಕಡೆಯವರೆಗೆ ನನಗೆ ಓದಿದಳು, ಹೊಸದನ್ನು ಪಕ್ಕದಲ್ಲಿ ತೆರೆದಿಟ್ಟುಕೊಂಡೇ ಓದಿದಳು. ಹಳೆಯದರಲ್ಲಿ ಕಾಣೆಯಾದದ್ದು ಉಯಿಲು, ಕದ್ದವನು ಗುಮಾಸ್ತ, ಬಸ್ ನಿಲ್ದಾಣದಲ್ಲಿ ಬೀಡಿ ಸೇದುತ್ತಾ ಸಿಕ್ಕಿ ಬೀಳುತ್ತಾನೆ. ಹೊಸದರಲ್ಲಿ ಅದೇ ಗುಮಾಸ್ತ ಕಂಪ್ಯೂಟರಿನ ಮುಂದೆ ಸಿಕ್ಕಿ ಬೀಳುತ್ತಾನೆ. ನಾನು ಇನ್ನೊಮ್ಮೆ ನೋಡು ಎಂದೆ. ಅವಳು ಹಾಳೆಗಳನ್ನು ಒಂದೊಂದಾಗಿ ಎಣಿಸಿದಳು.

“ಅಜ್ಜಿ, ಹಾಳೆ ಹರಿದಿಲ್ಲ. ನಂಬರೆಲ್ಲ ಸರಿ ಉಂಟು. ಎರಡರಲ್ಲೂ ಮಗುವೇ ಇಲ್ಲ.”

ಅಡುಗೆಮನೆಯಲ್ಲಿ ನೀರುಳ್ಳಿ ಹೆಚ್ಚುತ್ತಿದ್ದ ಉಷಾಳ ಹತ್ತಿರ ಹೋಗಿ, ನಿನ್ನ ಅಮ್ಮ ಹೈಸ್ಕೂಲಿಗೆ ಯಾಕೆ ಹೋಗಲಿಲ್ಲವೆಂದು ಯಾವತ್ತಾದರೂ ಹೇಳಿದ್ದಳಾ ಎಂದು ಕೇಳಿದೆ.

“ಟೀಸಿ ಗೆದ್ದಲು ತಿಂತಂತೆ ಅಲ್ವಾ ಚಿಕ್ಕಮ್ಮ? ಅಮ್ಮ ಯಾವಾಗಲೂ ಹಾಗೇ ಹೇಳ್ತಿದ್ರು.”

ತಗಡಿನ ಪೆಟ್ಟಿಗೆಯೊಳಗೆ ಇಟ್ಟ ಕಾಗದಕ್ಕೆ ಗೆದ್ದಲು ಎಲ್ಲಿಂದ, ಅದು ಕುಮುದಾ ಆ ಮನೆಯವರಿಗೆ ಹೇಳಿದ ಮಾತು. ಬಚ್ಚಲೊಲೆಯ ಬೂದಿ ತೆಗೆದು ಪಾತ್ರೆ ತಿಕ್ಕುತ್ತಿದ್ದವಳು ಅಕ್ಕ. ಪೂರ್ತಿ ಸುಡದ ಒಂದು ಮೂಲೆ, ಶಾಲೆಯ ಮುದ್ರೆಯ ನೇರಳೆ ಬಣ್ಣ, ಏನೋ ಒಂದು ಅವಳ ಕೈಗೆ ಸಿಕ್ಕಿರಬೇಕು. ನನ್ನ ಮುಖ ನೋಡಿಯೂ ತಿಳಿದಿರಬಹುದು. ತಿಳಿದು, ಯಾರ ಮುಂದೆಯೂ ಬಾಯಿ ಬಿಡದೆ, ಗುಮಾಸ್ತನ ಕಥೆಯ ಮೇಲೆ ಕಣ್ಣಿಟ್ಟು, ನನಗೊಬ್ಬಳಿಗೆಂದು ಬಾಯಲ್ಲಿ ಬೇರೆ ಕಥೆ ಕಟ್ಟಿದಳು. ಆ ಕಥೆಗೂ ನಾವು ಒಂದೊಂದು ಹಿಡಿ ಬೀಡಿ ಹಾಕಿದ್ದೆವು.

ಸಂತೋಷಪಡಬೇಕು, ಪಡುತ್ತಲೂ ಇದ್ದೇನೆ. ನನಗೋಸ್ಕರ ಒಬ್ಬಳು ಪುಸ್ತಕವನ್ನೇ ಬದಲಾಯಿಸಿದಳಲ್ಲ. ಆದರೆ ಅದೇ ಉಸಿರಿನಲ್ಲಿ ಮೂಡುಬಿದಿರೆಯ ಆಸ್ಪತ್ರೆಯ ಆ ಮಧ್ಯಾಹ್ನ ನೆನಪಾಗುತ್ತದೆ. ಅಕ್ಕನ ಕಾಲು ಒತ್ತುತ್ತಾ ಕೂತಿದ್ದೆ. ಅವಳು ಕಣ್ಣು ತೆರೆದು, “ಗಿರಿಜಾ, ನಿನಗೆ ಏನಾದ್ರೂ ಹೇಳ್ಲಿಕ್ಕುಂಟಾ?” ಎಂದು ಕೇಳಿದಳು. ಮನೆಯ ವಿಚಾರವೇನೋ ಕೇಳುತ್ತಿದ್ದಾಳೆ ಎಂದುಕೊಂಡು ನಾನು, “ಏನಿಲ್ಲ ಅಕ್ಕ, ನೀನು ಮಲಗು,” ಎಂದೆ. ಅವಳು ಹೊದಿಕೆ ಎಳೆದುಕೊಂಡು ಮಲಗಿದಳು. ನಾಲ್ಕು ದಿನಕ್ಕೆ ಹೋದಳು. ಹಳೆಯ ಕುಮುದಾ ನಮ್ಮ ಮೇಜಿನ ಮೇಲಿದ್ದಾಳೆ, ಹೊಸ ಕುಮುದಾ ಅಂಗಡಿಯಲ್ಲಿ ಸಿಗುತ್ತಾಳೆ. ಅಕ್ಕನ ಕುಮುದಾ ಆಡಿದ ಮಾತುಗಳಲ್ಲಿ ನನಗೆ ನೆನಪಿರುವುದು ಎರಡು ಮೂರು, ಅದೂ ಕನ್ನಡಕ್ಕೆ ಬಂದು ಸಪ್ಪೆಯಾಗಿವೆ. ಕೇಳಿದವರಲ್ಲಿ ಅಮ್ಮ ಇಲ್ಲ, ಐಸಮ್ಮಕ್ಕ ಇಲ್ಲ. ಸರಿಯಾಗಿ ಹೀಗೇ ಇತ್ತು ಎಂದು ಹೇಳಲು ಯಾರೂ ಉಳಿದಿಲ್ಲ, ಯಾವ ಅಟ್ಟದಲ್ಲಿ ಹುಡುಕಿದರೂ ಅದು ಸಿಗುವುದಿಲ್ಲ.

ಸಂಜೆ ಹರೀಶ ಬೇಗ ಬಂದ. ಚಾವಡಿಯಲ್ಲಿ ಚಾಪೆ ಹಾಸಿ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತೆವು. ಸೊಸೆ ಹಪ್ಪಳದಂಥ ಗರಿಗರಿ ಅಕ್ಕಿ ರೊಟ್ಟಿ ಮುರಿದು ಹಾಕಿ, ಮೇಲೆ ಬಿಸಿ ಕೋಳಿ ಸಾರು ಸುರಿಯುತ್ತಾ ಬಂದಳು. ಗುಂಪಿನವರು ಕಾಯುತ್ತಿದ್ದಾರೆ, ಏನೆಂದು ಬರೆಯಲಿ ಎಂದು ಶ್ರಾವ್ಯ ಕೇಳಿದಳು. ಅವರು ಹೇಳಿದ್ದೇ ಸರಿ ಎಂದು ಬರೆ ಎಂದೆ. ಆಮೇಲೆ ಉಷಾಳ ಕಡೆ ತಿರುಗಿ, ಟೀಸಿ ಗೆದ್ದಲು ತಿಂದದ್ದಲ್ಲ, ನಾನು ತೆಗೆದದ್ದು ಎಂದೆ. ಬುಟ್ಟಿ, ಒಲೆ, ಕಥೆ, ಎಲ್ಲ ಹೇಳಿದೆ. ಹೇಳಿ ಮುಗಿಯುವವರೆಗೆ ಯಾರೂ ಕೈ ಆಡಿಸಲಿಲ್ಲ.

“ಆಗ ನಿಮಗೆ ಎಷ್ಟು ವರ್ಷ ಅಮ್ಮ?” ಎಂದ ಹರೀಶ.

“ಒಂಬತ್ತು.”

ಅವನು ನಕ್ಕ. ಶ್ರಾವ್ಯ, ಅಜ್ಜಿಯೇ ಕಳ್ಳಿ ಎಂದಳು, ಸೊಸೆಯೂ ನಕ್ಕಳು. ಉಷಾ ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. ಎಡಗೈಯಿಂದ ನನ್ನ ಬಟ್ಟಲನ್ನು ಹತ್ತಿರ ಸರಿಸಿದಳು.

“ಅಮ್ಮನಿಗೆ ಗೊತ್ತಿದ್ರೆ ಅವರೂ ನಗ್ತಿದ್ರು ಚಿಕ್ಕಮ್ಮ. ರೊಟ್ಟಿ ಮೆತ್ತಗಾಗ್ತದೆ, ತಿನ್ನಿ.”

ಅಕ್ಕನಿಗೆ ಗೊತ್ತಿತ್ತು ಎಂದು ಮತ್ತೊಮ್ಮೆ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಹರೀಶ ಸಾರು ಕೇಳಿದ, ಶ್ರಾವ್ಯ ಕಾಲಿನ ತುಂಡು ಯಾರಿಗೆಂದು ಜಗಳ ತೆಗೆದಳು, ಮಾತು ಬೇರೆ ಕಡೆ ಹೋಯಿತು. ರೊಟ್ಟಿ ಆಗಲೇ ಮೆತ್ತಗಾಗಿತ್ತು. ಎಲ್ಲರ ಜೊತೆ ನಾನೂ ತಿಂದೆ.